ಮಧ್ಯಾಹ್ನದ ಲಾರಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಬೀದಿಯವರೆಲ್ಲ ಹೇಳುತ್ತಾರೆ. ಹೇಳಲಿ. ಆಸ್ಪತ್ರೆಯ ರಾಶಿ ರಾಶಿ ಬಿಳಿ ಹಾಸುಬಟ್ಟೆಗಳನ್ನು ಕುದಿಸಿ, ಒಗೆದು, ಹಿಂಡಿ, ಹಗ್ಗಕ್ಕೆ ಹಾಕಿ ಸೊಂಟ ನೆಟ್ಟಗೆ ಮಾಡುವ ಹೊತ್ತಿಗೆ ಒಂದು ಕಲ್ಲಿನ ಲಾರಿ ಬಂದು, ಅಷ್ಟಕ್ಕೂ ಕೆಂಪು ಬಣ್ಣ ಹೊಡೆದು ಹೋದರೆ ಅವರೆಷ್ಟು ಶಾಂತವಾಗಿರುತ್ತಾರೋ ನೋಡೋಣ. ಆ ಲಾರಿ ಓಡಿಸುವವನು ಸ್ವಂತ ಗಂಡನೇ ಆಗಿದ್ದರಂತೂ ಕೇಳುವುದೇ ಬೇಡ.

ನಮ್ಮದು ಲಾರಿ ಡ್ರೈವರುಗಳ ಬೀದಿ, ಒಟ್ಟು ಒಂಬತ್ತು ಮನೆ. ಪಟ್ಟಣದಿಂದ ಬರುವ ರಸ್ತೆ ನೀರಿನ ಟ್ಯಾಂಕಿನ ಹತ್ತಿರ ಎರಡಾಗುತ್ತದೆ. ಎಡಕ್ಕೆ ತಿರುಗಿದರೆ ಕಲ್ಲಿನ ಕ್ವಾರಿ. ನೇರ ಬಂದರೆ ಎರಡು ಕಿಲೋಮೀಟರ್ ಆಚೆ ನಮ್ಮ ಮನೆಗಳು. ಅಲ್ಲಿಗೆ ರಸ್ತೆಯೂ ಮುಗಿಯಿತು, ಊರೂ ಮುಗಿಯಿತು. ಪಟ್ಟಣದಿಂದ ಟ್ಯಾಂಕಿನವರೆಗೆ ಹೆಸರಿಗಾದರೂ ಟಾರು ಇತ್ತು. ಅಲ್ಲಿಂದೀಚೆಗೆ ಬರೀ ಗೊಚ್ಚುಮಣ್ಣು. ಬೇಸಿಗೆಯಲ್ಲಿ ಕುಂಕುಮದ ಹಾಗೆ ಹಾರುತ್ತಿತ್ತು, ಮಳೆಗಾಲದಲ್ಲಿ ಚಪ್ಪಲಿ ಕಿತ್ತುಕೊಳ್ಳುತ್ತಿತ್ತು.

ಗಂಡಸರು ಬೆಳಕು ಹರಿಯುವ ಮೊದಲೇ ಕ್ವಾರಿಗೆ ಹೋಗಿ ಸಾಲು ಹಿಡಿಯುತ್ತಿದ್ದರು. ಕಲ್ಲು ತುಂಬಿಸಿಕೊಂಡು ಹೊರಡುವಷ್ಟರಲ್ಲಿ ಮಧ್ಯಾಹ್ನ. ಕಲ್ಲು ಇಳಿಸಬೇಕಾದ ಪಟ್ಟಣದ ರೈಲು ಗೂಡ್ಸ್ ಯಾರ್ಡಿನ ಗೇಟು ಊಟದ ಹೊತ್ತಿಗೆ ಮುಚ್ಚಿ, ಎರಡು ಗಂಟೆಗೆ ತೆರೆಯುತ್ತದೆ. ಗೇಟಿನ ಮುಂದೆ ಬಿಸಿಲಲ್ಲಿ ಬೇಯುವ ಬದಲು ಒಂಬತ್ತೂ ಜನ ತುಂಬಿದ ಲಾರಿಗಳ ಸಮೇತ ಮನೆಗೆ ಬಂದು ಉಂಡು, ಒಂದು ಗಳಿಗೆ ಮಲಗಿ ಹೋಗುತ್ತಿದ್ದರು. ನಮ್ಮ ಬೀದಿ ಹುಟ್ಟಿದಾಗಿನಿಂದ ನಡೆದು ಬಂದ ಪದ್ಧತಿ ಅದು. ಲಾರಿಯನ್ನು ಟ್ಯಾಂಕಿನ ಹತ್ತಿರ ಬಿಟ್ಟು ನಡೆದು ಬರೋಣವೆಂದರೆ ಅರ್ಧ ಗಂಟೆಯೊಳಗೆ ಡೀಸೆಲ್ಲೂ ಮಾಯ, ಬ್ಯಾಟರಿಯೂ ಮಾಯ.

ನನ್ನ ಗಂಡ ಬೆಳಿಗ್ಗೆ ನಾನು ಬಟ್ಟೆ ಕುದಿಸುವ ಬಾಯ್ಲರಿಗೆ ಬೆಂಕಿ ಹಾಕುವ ಮುಂಚೆಯೇ ಹೋಗಿಬಿಡುತ್ತಿದ್ದ. ಕತ್ತಲಾದ ಮೇಲೆ ಬಂದರೆ ತಟ್ಟೆಯ ಮುಂದೆಯೇ ತೂಕಡಿಕೆ. ಮಧ್ಯಾಹ್ನವೊಂದೇ ಅವನು ಪೂರ್ತಿ ಎಚ್ಚರವಾಗಿ ನನ್ನ ಕೈಗೆ ಸಿಗುತ್ತಿದ್ದ ಹೊತ್ತು. ಆ ಹೊತ್ತನ್ನು ನಾನು ಬೈಯಲು ಬಳಸಿಕೊಳ್ಳುತ್ತಿದ್ದೆ.

"ಉಣ್ಣೋದು ಎರಡು ತುತ್ತು, ಕೊಡೋದು ಇಪ್ಪತ್ತು ಹಾಸು ಮತ್ತೆ ಒಗೆಯೋ ಕೆಲಸ," ಎನ್ನುತ್ತಿದ್ದೆ.

"ನಿಧಾನಕ್ಕೇ ಬಂದೆ ಕಣೆ. ಧೂಳೇ ಅವಸರ ಮಾಡ್ತು," ಎಂದು ಅವನು ಮಡಿಸಿಟ್ಟ ಬಟ್ಟೆಯ ಗಂಟಿಗೇ ತಲೆ ಕೊಟ್ಟು ಮಲಗುತ್ತಿದ್ದ. ಅದಕ್ಕೆ ಇನ್ನೊಂದು ಸುತ್ತು ಬೈಗುಳ.

ಆ ವರ್ಷ ವಿಷಯ ತಮಾಷೆಯಾಗಿ ಉಳಿಯಲಿಲ್ಲ. ಆಸ್ಪತ್ರೆಯ ದೊಡ್ಡ ನರ್ಸ್ ಒಂದು ಹಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ಮಡಿಕೆಯ ಉದ್ದಕ್ಕೂ ಕೆಂಪು ಗೆರೆ. "ಇದರ ಮೇಲೆ ಹೊಲಿಗೆ ಹಾಕಿದ ಹೊಟ್ಟೆಯವರು ಮಲಗ್ತಾರೆ. ಇನ್ನೊಂದು ವರ್ಷ ನೋಡ್ತೀನಿ. ಆಮೇಲೆ ಪಟ್ಟಣದ ಮಷೀನಿನವರಿಗೆ ಕೊಡ್ತೀನಿ," ಎಂದಳು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಆಸ್ಪತ್ರೆಯ ಬಟ್ಟೆ ಹೋದರೆ ನನ್ನ ಲಾಂಡ್ರಿ ಅಂಗಡಿ ಹೋದಂತೆಯೇ. ನನ್ನ ಜೊತೆ ಕೆಲಸ ಮಾಡುವ ಇಬ್ಬರು ಹೆಂಗಸರ ಒಲೆಯೂ ಆರಿದಂತೆಯೇ.

ಹೀಗಿರುವಾಗ ಪಟ್ಟಣದಿಂದ ಹೊಸ ರಸ್ತೆ ಆಗುತ್ತದೆಂದು ಸುದ್ದಿ ಬಂತು. ಅದನ್ನು ವಿನ್ಯಾಸ ಮಾಡುವವನು ನನ್ನ ತಮ್ಮನೇ ಎಂದು ತಿಳಿದಾಗ ಬೀದಿಗೆಲ್ಲ ಕೇಳುವ ಹಾಗೆ ಹೇಳಿಕೊಂಡು ಬಂದೆ. ಅಮ್ಮ ಹೋದ ಮೇಲೆ ನಾನೇ ಸಾಕಿದ ಹುಡುಗ ಅವನು. ಮೇಜಿನ ಒಂದು ತುದಿಯಲ್ಲಿ ನಾನು ಇಸ್ತ್ರಿ ಮಾಡುತ್ತಿದ್ದರೆ ಇನ್ನೊಂದು ತುದಿಯಲ್ಲಿ ಪುಸ್ತಕ ಹರಡಿಕೊಂಡು ಓದಿದವನು. ರಸ್ತೆ ಇಲಾಖೆಯಲ್ಲಿ ಅವನೊಬ್ಬನೇ ಲೆಕ್ಕ ಹಾಕಿ, ಅವನೊಬ್ಬನೇ ಸಹಿ ಮಾಡಬೇಕಾದ ಮೊದಲ ರಸ್ತೆ ಇದು.

ಒಂದು ಭಾನುವಾರ ಸಂಜೆ ಊಟಕ್ಕೆ ಬಂದವನು ಇಸ್ತ್ರಿ ಮೇಜನ್ನೇ ಹಲಗೆ ಮಾಡಿಕೊಂಡು ಪಾಠ ಶುರುಮಾಡಿದ.

"ಜನ ಟಾರು ನೋಡಿ ರಸ್ತೆ ಅಂತಾರೆ, ಅಕ್ಕ. ಇಂಥ ರಸ್ತೇಲಿ ಟಾರು ಬರೀ ಕೊಡೆ," ಎಂದು ಮೇಜಿನ ಮೇಲಿನ ಬಿಳಿ ಬಟ್ಟೆ ಎತ್ತಿ, ಅದರ ಕೆಳಗಿನ ಕಂಬಳಿ, ಅದರ ಕೆಳಗಿನ ಗೋಣಿ ತೋರಿಸಿದ. "ಭಾರ ಹೊರೋದು ಇವು. ಜಲ್ಲಿ, ಅದರಡಿ ಗೊಚ್ಚು, ಕೊನೆಗೆ ನೆಲದ ಮಣ್ಣು. ಮಣ್ಣು ಒಣಗಿದ್ರೆ ಕಲ್ಲು, ನೆನೆದ್ರೆ ಗಂಜಿ. ಚಳಿ ದೇಶದೋರಿಗೆ ನೆಲದೊಳಗೆ ನೀರು ಹೆಪ್ಪುಗಟ್ಟೋ ಭಯ. ನಮಗೆ ಬಿಸಿಲಿನ ಭಯ. ಬಿಸಿಲಿಗೆ ಟಾರು ಮುದಿಯಾಗಿ ಮೇಲಿಂದ್ಲೇ ಬಿರುಕು ಬಿಡುತ್ತೆ. ಆ ಬಿರುಕಲ್ಲಿ ಮಳೆ ಇಳಿದ್ರೆ ಮುಗೀತು."

"ನನ್ನ ಗಾಡಿ ಹೋದ್ರೆ ಏನಾಗುತ್ತೆ, ಇಂಜಿನಿಯರ್ ಸಾಹೇಬ್ರೆ?" ನನ್ನ ಗಂಡ ಕೇಳಿದ. ಅವನಿಗೆ ಭಾಮೈದನನ್ನು ಕೆಣಕುವುದೆಂದರೆ ಪಂಚಪ್ರಾಣ.

"ಚಕ್ರದ ಅಚ್ಚಿನ ಮೇಲೆ ಭಾರ ಎರಡು ಪಟ್ಟಾದ್ರೆ ರಸ್ತೆಗೆ ಬೀಳೋ ಪೆಟ್ಟು ಹದಿನಾರು ಪಟ್ಟು, ಭಾವ. ನಿಮ್ಮ ಹಿಂದಿನ ಅಚ್ಚು ಕಲ್ಲು ತುಂಬಿದಾಗ ಖಾಲಿಗಿಂತ ನಾಲ್ಕು ಪಟ್ಟು ಭಾರ. ಆಗ ಪೆಟ್ಟು ಇನ್ನೂರೈವತ್ತು ಪಟ್ಟಿಗೂ ಮೇಲೆ. ನಿಮ್ಮ ಬಟ್ಟೆ ಒಯ್ಯೋ ಆಸ್ಪತ್ರೆ ವ್ಯಾನು ಇದರ ಮುಂದೆ ಲೆಕ್ಕಕ್ಕೇ ಇಲ್ಲ, ಆನೆ ಮುಂದೆ ಸೊಳ್ಳೆ."

"ನಮ್ಮ ಮನೆ ಬಾಗಿಲವರೆಗೂ ಬರುತ್ತೋ ಇಲ್ವೋ, ಅದು ಹೇಳು," ಎಂದೆ ನಾನು. ಪಾಠ ಕೇಳುವ ತಾಳ್ಮೆ ನನಗೆ ಆಗಲೂ ಇರಲಿಲ್ಲ.

ಅವನು ಕಂಬಳಿಯನ್ನು ಸರಿಯಾಗಿ ಹಾಸಿದ. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ, ಅಕ್ಕ. ಟ್ಯಾಂಕಿನಿಂದ ಈಚೆಗೂ ತುಂಬಿದ ಲಾರಿ ಓಡಾಡುತ್ತೆ ಅಂತಾದ್ರೆ ಇಲ್ಲಿಗೂ ದಪ್ಪ ರಸ್ತೆ ಬೇಕು. ಅಷ್ಟು ದುಡ್ಡು ಕೊಟ್ಟಿಲ್ಲ. ರಸ್ತೆ ಟ್ಯಾಂಕಿನ ಹತ್ರ ನಿಲ್ಲುತ್ತೆ. ಬರೀ ವ್ಯಾನು, ಸೈಕಲ್ಲು, ಸಂಜೆ ಮನೆಗೆ ಬರೋ ಖಾಲಿ ಲಾರಿ ಅಂತಾದ್ರೆ ತೆಳ್ಳಗೆ ಹಾಕಿ ಇಲ್ಲೀವರೆಗೂ ತರಬಹುದು. ಬರೋ ವಾರ ಟ್ಯಾಂಕಿನ ಹತ್ರ ಜನ ಕೂರಿಸಿ ಗಾಡಿ ಎಣಿಸ್ತೀವಿ, ಅಚ್ಚು ತೂಗ್ತೀವಿ. ಅದು ಹೇಳಿದ ಹಾಗೆ."

ನನ್ನ ಗಂಡ ಅಗಿಯುವುದನ್ನು ನಿಲ್ಲಿಸಿದ. ಅನ್ನದಲ್ಲಿ ಕಲ್ಲು ಸಿಕ್ಕಿರಬೇಕು, ದಿನವಿಡೀ ಹೊರುವುದು ಸಾಲದೆ, ಎಂದುಕೊಂಡೆ.

ಎಣಿಕೆಯ ವಾರ ಶುರುವಾದ ದಿನ ಮಧ್ಯಾಹ್ನ ಅವನು ಬರಲಿಲ್ಲ. ಹಿಂದಿನ ದಿನ ಧೂಳಿನ ವಿಷಯಕ್ಕೆ ತುಸು ಹೆಚ್ಚೇ ಬೈದಿದ್ದೆ. ಮುನಿಸಿಕೊಂಡಿದ್ದಾನೆ, ಹಸಿದರೆ ತಾನೇ ಬರುತ್ತಾನೆ ಎಂದು ಸುಮ್ಮನಾದೆ. ಮರುದಿನವೂ ಬರಲಿಲ್ಲ. ಮಾಡಿಟ್ಟ ಅನ್ನ ಹಾಗೇ ತಣ್ಣಗಾಯಿತು. ಹಗ್ಗದ ಮೇಲಿನ ಹಾಸುಗಳು ಮಾತ್ರ ಹಾಲಿನ ಹಾಗಿದ್ದವು. ಮೂರನೆಯ ದಿನ ಪಕ್ಕದ ಮನೆಯಾಕೆ, ಮೀಸೆ ಡ್ರೈವರನ ಹೆಂಡತಿ, ಬೇಲಿಯ ಆಚೆಯಿಂದ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

"ನಿಮ್ಮೋರೂ ಬಂದಿಲ್ವಾ? ನಮ್ಮೋರೂ ಇಲ್ಲ. ಒಬ್ಬರೂ ಇಲ್ಲ. ಎಲ್ಲಾ ನಿಮ್ಮೆಜಮಾನ್ರ ಉಪಾಯವಂತೆ."

ಸಂಜೆ ಅವನನ್ನು ಹಿಡಿದು ಕೇಳಿದೆ. ಮುಚ್ಚಿಡಲು ಪ್ರಯತ್ನವನ್ನೇ ಮಾಡಲಿಲ್ಲ. "ಒಂದು ವಾರ ಕ್ವಾರೀಲೇ ಬನ್ನು ತಿಂದ್ರೆ ಸಾಯ್ತೀವಾ? ಎಣಿಸೋರು ಎದ್ದು ಹೋಗ್ಲಿ. ರಸ್ತೆ ಬಂದ್ಮೇಲೆ ಟಾರಿನ ಮೇಲೇ ಜುಮ್ ಅಂತ ಊಟಕ್ಕೆ ಬರ್ತೀನಿ," ಎಂದ.

ಸುಳ್ಳೇಕೆ ಹೇಳಲಿ, ನನಗೆ ಖುಷಿಯೇ ಆಯಿತು. ನನಗೋಸ್ಕರ ಉಳಿದ ಎಂಟು ಜನರನ್ನು ಒಪ್ಪಿಸಿದ್ದಾನಲ್ಲ ಎಂದು ಅವನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿದೆ. ಸರ್ಕಾರದ ಲೆಕ್ಕವಂತೆ, ತೂಕವಂತೆ. ನಮ್ಮ ಬೀದಿಗೆ ರಸ್ತೆ ಬಂದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡೆ. ತಮ್ಮನ ಸಹಿಯ ನೆನಪೇ ನನಗೆ ಬರಲಿಲ್ಲ.

ವಾರ ಮುಗಿದ ಭಾನುವಾರ ತಮ್ಮ ಊಟಕ್ಕೆ ಬಂದ. ಎಣಿಕೆ ಹೇಗಾಯಿತು ಎಂದು ಕೇಳಿದೆ.

"ಚೆನ್ನಾಗಾಯ್ತು. ಟ್ಯಾಂಕಿನಿಂದ ಈಚೆಗೆ ತುಂಬಿದ ಗಾಡಿ ಒಂದೂ ಇಲ್ಲ. ರಸ್ತೆ ಇಲ್ಲೀವರೆಗೂ ಬರುತ್ತೆ," ಎಂದ, ತಟ್ಟೆ ನೋಡುತ್ತಲೇ.

ನನ್ನ ಗಂಡ ನನಗೆ ಕಣ್ಣು ಹೊಡೆದ. ನಾನು ತಮ್ಮನ ಕಿವಿ ನೋಡುತ್ತಿದ್ದೆ. ಚಿಕ್ಕವನಿದ್ದಾಗ ಸಕ್ಕರೆ ಡಬ್ಬಿಗೆ ಕೈ ಹಾಕಿ ಸಿಕ್ಕಿಬಿದ್ದರೆ ಆ ಕಿವಿಗಳು ಕೆಂಪಗಾಗುತ್ತಿದ್ದವು. ಈಗಲೂ ಆಗಿದ್ದವು. ಆಗ ನನ್ನ ತಲೆಗೆ ಹೊಳೆಯಿತು: ಈ ಮನೆಯಲ್ಲಿ ಎಷ್ಟೋ ಮಧ್ಯಾಹ್ನ ಭಾವನ ಪಕ್ಕದಲ್ಲಿ ಕೂತು ಉಂಡವನು ಇವನು. ಕಿಟಕಿಯಾಚೆ ಕಲ್ಲು ತುಂಬಿದ ಲಾರಿ ನಿಂತಿರುವುದನ್ನು ಕಂಡವನು. ಪ್ರತಿಯೊಂದಕ್ಕೂ ಏಕೆ, ಹೇಗೆ ಎಂದು ಕೇಳುವ ಹುಡುಗ, ಲಾರಿಗಳೆಲ್ಲಿ ಹೋದವು ಎಂದು ಮಾತ್ರ ಕೇಳುತ್ತಿಲ್ಲ.

ಗಂಡ ಲಾರಿ ತೊಳೆಯಲು ಹೊರಗೆ ಹೋದ ಮೇಲೆ ತಮ್ಮನ ಹತ್ತಿರ ಕೂತೆ.

"ನಿಂಗೆ ಗೊತ್ತು."

ಅವನು ತಟ್ಟೆ ಬದಿಗೆ ಸರಿಸಿದ.

"ಮೊದಲನೇ ದಿನಾನೇ ಗೊತ್ತಾಯ್ತು," ಎಂದ. "ಲಾರಿಗಳನ್ನ ನಾನು ಕಂಡಿರದಿದ್ರೂ ರಸ್ತೆ ಮೇಲೆ ಚಕ್ರದ ಹಳ್ಳ ಇದೆಯಲ್ಲ. ಟ್ಯಾಂಕಿನಿಂದ ಈಚೆಗೆ ಇಷ್ಟು ಆಳ. ವ್ಯಾನು, ಸೈಕಲ್ಲು ತೋಡಿದ್ದಲ್ಲ ಅದು."

"ಮತ್ತೆ ಸಹಿ?"

"ಹಾಕ್ತೀನಿ."

"ಭಾವ ಆಮೇಲೆ ಊಟಕ್ಕೆ ಬರ್ತಾನೆ ಅಂತ ಗೊತ್ತಿದ್ದೂ? ಎಷ್ಟು ದಿನ ಬಾಳುತ್ತೆ ರಸ್ತೆ?"

"ಒಂದು ಮಳೆಗಾಲ. ಎರಡಾದ್ರೆ ನಮ್ಮ ಪುಣ್ಯ."

"ಆಮೇಲೆ?"

"ಕಿತ್ತು ಹೋದ್ಮೇಲೆ ಅಗೆದು ನೋಡ್ತಾರೆ. ಎಣಿಕೆ ಯಾರು ಮಾಡಿಸಿದ್ದು ಅಂತ ಕೇಳ್ತಾರೆ." ಅವನು ಮೇಜಿನ ಬಟ್ಟೆಯ ಸುಕ್ಕನ್ನು ಅಂಗೈಯಿಂದ ಸವರುತ್ತಿದ್ದ. "ಅಷ್ಟರಲ್ಲಿ ನಿಂಗೆ ಎರಡು ವರ್ಷ ಬಿಳೀ ಬಟ್ಟೆ ಸಿಗುತ್ತಲ್ಲ. ಆಸ್ಪತ್ರೆ ಕೆಲಸ ಉಳಿಯುತ್ತಲ್ಲ. ನಾನು ನಿಂಗೆ ಇವತ್ತಿನವರೆಗೆ ಏನು ಮಾಡಿದ್ದೀನಿ, ಅಕ್ಕ?"

ನನಗೆ ಅಳುವೂ ಕೋಪವೂ ಒಟ್ಟಿಗೇ ಬಂದವು. ಕೋಪವೇ ಮುಂದೆ ನಿಂತಿತು, ಎಂದಿನಂತೆ. "ನಿನ್ನ ಹೆಸರು ಮಣ್ಣುಪಾಲು ಮಾಡಿ ನನ್ನ ಬಟ್ಟೆ ಬೆಳ್ಳಗಾಗಬೇಕಾ? ಅದಕ್ಕಾ ನಿನ್ನನ್ನ ಈ ಮೇಜಿನ ಹತ್ರ ಕೂರಿಸಿ ಓದಿಸಿದ್ದು? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೀನು ಹತ್ತು ವರ್ಷ ಗಳಿಸಿದ್ದನ್ನ ನಿನ್ನ ಭಾವ ಒಂದು ಊಟದಲ್ಲಿ ಒಡೀತಾನೆ," ಎಂದೆ.

"ನಿಜ ಬರೆದ್ರೆ ರಸ್ತೆ ಟ್ಯಾಂಕಿನ ಹತ್ರ ನಿಲ್ಲುತ್ತೆ."

"ನಿಲ್ಲಲಿ," ಎಂದೆ. ಅಂದ ಕೂಡಲೇ ದೊಡ್ಡ ನರ್ಸ್ ಹಾಸನ್ನು ಬೆಳಕಿಗೆ ಹಿಡಿದಿದ್ದು ಕಣ್ಣಿಗೆ ಬಂತು. ನುಂಗಲಾರದ ತುತ್ತು ಎಂದರೆ ಏನೆಂದು ಅವತ್ತು ತಿಳಿಯಿತು. ನಾನು ಎದ್ದು ಬಾಯ್ಲರಿನ ಬೂದಿ ಬಾಚಿದೆ, ಭಾನುವಾರ ಅದರಲ್ಲಿ ಬೂದಿಯೇ ಇರುವುದಿಲ್ಲ. ಹೊರಗೆ ಗಂಡ ಲಾರಿಗೆ ನೀರು ಎರಚುತ್ತಾ ಶಿಳ್ಳೆ ಹಾಕುತ್ತಿದ್ದ. ಎಣಿಕೆಯಲ್ಲಿ ಬರೆದದ್ದು ಸುಳ್ಳು. ಅದು ಸುಳ್ಳಾಗುವುದು ಡ್ರೈವರುಗಳು ಮತ್ತೆ ಊಟಕ್ಕೆ ಬರುವುದರಿಂದ. ಬರದೇ ಹೋದರೆ?

ಹೊರಗೆ ಕೂಗಿ ಗಂಡನನ್ನು ಕರೆದೆ.

"ಇನ್ನು ಮೇಲೆ ಮಧ್ಯಾಹ್ನ ಬರೋದು ಬೇಡ," ಎಂದೆ. "ವಾರಕ್ಕಲ್ಲ. ಯಾವತ್ತೂ."

ಅವನು ನಗುತ್ತಾ ಬಂದವನು ನಮ್ಮಿಬ್ಬರ ಮುಖ ನೋಡಿ ಬಕೆಟ್ಟು ಕೆಳಗಿಟ್ಟ. ತಮ್ಮ ಎಲ್ಲವನ್ನೂ ಬಿಡಿಸಿ ಹೇಳಿದ. ತನ್ನ ಉಪಾಯದಿಂದ ಭಾಮೈದನ ಕುತ್ತಿಗೆಗೆ ಏನು ಬರುತ್ತಿತ್ತು ಎಂದು ತಿಳಿದಾಗ ಗಂಡನ ಮುಖ ಕಪ್ಪಿಟ್ಟಿತು. ಆದರೂ ಊಟದ ವಿಷಯಕ್ಕೆ ಮಾತ್ರ ಮಗುವಿನ ಹಾಗೆ ಹಟ ಹಿಡಿದ. "ವಾರಕ್ಕೊಂದು ದಿನ? ಅರ್ಧ ಲೋಡು?" ಎಂದೆಲ್ಲ ಚೌಕಾಸಿ ಮಾಡಿದ.

"ಭಾವ, ನಿಮ್ಮೊಬ್ಬರಿಗೆ ಬಿಟ್ರೆ ಒಂಬತ್ತು ಜನಕ್ಕೂ ಬಿಡಬೇಕು," ಎಂದ ತಮ್ಮ. ಆಮೇಲೆ ನನ್ನ ಕಡೆ ತಿರುಗಿದ. "ಡ್ರೈವರುಗಳು ಮಾತು ಕೊಟ್ಟಿದ್ದಾರೆ ಅಂತ ವಿನ್ಯಾಸದಲ್ಲಿ ಬರೆಯೋಕಾಗಲ್ಲ, ಅಕ್ಕ. ಮಾತು ಹಸಿವಿನ ಮುಂದೆ ನಿಲ್ಲಲ್ಲ."

"ಅವರ ಮಾತು ಯಾರಿಗೆ ಬೇಕು? ಅಡುಗೆ ಮಾಡೋರು ನಾವು. ನಮ್ಮ ಮಾತು ಬರ್ಕೋ," ಎಂದೆ.

ಮರುದಿನ ಒಂಬತ್ತು ಮನೆಯ ಹೆಂಗಸರನ್ನೂ ನನ್ನ ಒಗೆಯುವ ಚಪ್ಪರದಡಿ ಸೇರಿಸಿದೆ. ಮಧ್ಯಾಹ್ನ ಯಾವ ಮನೆಯಲ್ಲೂ ಒಲೆ ಹಚ್ಚಬಾರದು. ಬೆಳಗಿನ ಜಾವವೇ ಡಬ್ಬಿ ಕಟ್ಟಿ ಕೊಡಬೇಕು. ತುಂಬಿದ ಲಾರಿ ಬೀದಿಗೆ ಬಂದರೆ ನೀರೂ ಕೊಡಬಾರದು. ಎಳೆಗೂಸು ಇದ್ದವಳೊಬ್ಬಳು, ಅಪ್ಪನ ಮುಖ ಮಗುವಿಗೆ ಮರೆತುಹೋಗುತ್ತೆ ಎಂದಳು. ಮೀಸೆ ಡ್ರೈವರನ ಹೆಂಡತಿ, "ನಂಗೂ ಮಧ್ಯಾಹ್ನ ಒಂದು ನಿದ್ದೆ ಆಗುತ್ತೆ ಬಿಡಿ, ನಮ್ಮೋರ ಗೊರಕೆ ಇಲ್ದೆ," ಎಂದು ಎಲ್ಲರನ್ನೂ ನಗಿಸಿದಳು. ನಗುತ್ತಲೇ ಒಪ್ಪಿದರು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ ಎಂದು ನೆನಪು.

ತಮ್ಮ ನಂಬಿ ಸುಮ್ಮನೆ ಕೂರುವವನಲ್ಲ. ಆ ವಾರದ ಎಣಿಕೆಯನ್ನು ಬದಿಗಿಟ್ಟ. ಏಕೆಂದು ಮೇಲಿನವರಿಗೆ ಅವನೇ ಹೇಳಿ ಬೈಸಿಕೊಂಡ. ಮಳೆಗಾಲದ ನಡುವೆ, ಯಾರಿಗೂ ಹೇಳದೆ, ಮತ್ತೆ ಟ್ಯಾಂಕಿನ ಹತ್ತಿರ ಎಣಿಸುವವರನ್ನು ಕೂರಿಸಿದ. ನೆಲಕ್ಕೆ ಕಬ್ಬಿಣದ ಸರಳು ನಿಲ್ಲಿಸಿ, ಅದರ ಮೇಲೆ ಗುಂಡು ಬೀಳಿಸಿ, ಒಂದೊಂದು ಪೆಟ್ಟಿಗೆ ಎಷ್ಟು ಇಳಿಯುತ್ತದೆಂದು ಅಳೆದ. ನೆನೆದ ಮಣ್ಣು ಎಷ್ಟು ಮೆತ್ತಗೆ ಎಂದು ತಿಳಿಯಲು. ಬದಿಯ ಚರಂಡಿಗಳನ್ನು ಇನ್ನಷ್ಟು ಆಳ ಮಾಡಿಸಬೇಕೆಂದು ಬರೆದ. ತುಂಬಿದ ಲಾರಿ ಒಂದೂ ಈಚೆಗೆ ದಾಟಿರಲಿಲ್ಲ. ಆಮೇಲೆಯೇ ಸಹಿ ಹಾಕಿದ್ದು.

ಬೇಸಿಗೆ ಹುಟ್ಟುವ ಮೊದಲು ರಸ್ತೆ ಬಂತು. ಗೊಚ್ಚು ಹಾಕಿ ನೀರು ಚಿಮುಕಿಸಿ ರೋಲರ್ ಓಡಿಸಿದರು. ಬಿಸಿ ಟಾರು ಎರಚಿ ಅದರ ಮೇಲೆ ಸಣ್ಣ ಜಲ್ಲಿ ಚೆಲ್ಲಿ ಮತ್ತೆ ಓಡಿಸಿದರು. ಟಾರಿನ ದಪ್ಪ ನನ್ನ ಕಿರುಬೆರಳಿನಷ್ಟೂ ಇಲ್ಲ. "ಇಷ್ಟೇನಾ?" ಎಂದೆ. "ಇಷ್ಟೇ. ಕೊಡೆ ದಪ್ಪ ಇರಬೇಕಾಗಿಲ್ಲ, ತೂತು ಇರಬಾರದು," ಎಂದ ತಮ್ಮ. ವಾರದೊಳಗೆ ಧೂಳು ಎಂಬುದೇ ಇಲ್ಲವಾಯಿತು. ದೊಡ್ಡ ನರ್ಸ್ ಹಾಸನ್ನು ಕಿಟಕಿಗೆ ಹಿಡಿದು, ಆಚೆ ಈಚೆ ತಿರುಗಿಸಿ ನೋಡಿ, ಮಕ್ಕಳ ವಾರ್ಡಿನ ಬಟ್ಟೆಯನ್ನೂ ನನ್ನ ಗಂಟಿಗೆ ಸೇರಿಸಿದಳು.

ಕೆಲಸ ಹೆಚ್ಚಾಯಿತು, ಹಾಗಾಗಿ ಮಧ್ಯಾಹ್ನ ಖಾಲಿ ಅನ್ನಿಸಬಾರದಿತ್ತು. ಅನ್ನಿಸುತ್ತಿತ್ತು. ಬಟ್ಟೆ ತಿರುವಿ ಹಾಕುವಾಗ ಬೈಯಲು ಬಾಯಿ ತುರಿಸುತ್ತಿತ್ತು, ಎದುರಿಗೆ ಜನವಿಲ್ಲ. ನನ್ನ ಜೊತೆ ಕೆಲಸ ಮಾಡುವವರನ್ನು ಬೈದು ನೋಡಿದೆ; ಪಾಪ, ಅವರು ಹೆದರಿದರು. ಅವನಂತೆ ಬೈಸಿಕೊಳ್ಳಲು ಅವರಿಗೆ ಬರುವುದಿಲ್ಲ. ಸಂಜೆ ಬಂದವನಿಗೆ ಡಬ್ಬಿಯ ಊಟ ಹೇಗಿತ್ತು ಎಂದರೆ "ಹೂಂ" ಎನ್ನುತ್ತಿದ್ದ, ಅಷ್ಟರಲ್ಲಿ ಕಣ್ಣು ಮುಚ್ಚಿರುತ್ತಿತ್ತು.

ಒಂದು ದಿನ ಆಸ್ಪತ್ರೆಗೆ ಬಟ್ಟೆ ಒಪ್ಪಿಸಿ, ಅವರ ವ್ಯಾನಿನಲ್ಲೇ ಮುಂದೆ ಕೂತು ಬರುತ್ತಿದ್ದೆ. ಸುಡು ಮಧ್ಯಾಹ್ನ. ದೂರದಿಂದಲೇ ಟ್ಯಾಂಕಿನ ಹತ್ತಿರ ಅವನ ಲಾರಿ ಕಂಡಿತು. ಕ್ವಾರಿ ರಸ್ತೆಯ ಬಾಯಲ್ಲಿ, ಕಲ್ಲು ತುಂಬಿಕೊಂಡು ನಿಂತಿದೆ. ನಮ್ಮ ಬೀದಿಯ ಕಡೆ ತಿರುಗುವ ದೀಪ ಮಿನುಗುತ್ತಿದೆ.

ನನಗೆ ಮೈಯೆಲ್ಲ ಉರಿದುಹೋಯಿತು. ಒಂಬತ್ತು ಮನೆಯವರ ಒಲೆ ಆರಿಸಿದವಳು ನಾನು. ನನ್ನ ಗಂಡನೇ ಕಳ್ಳನ ಹಾಗೆ ಬರುವುದೇ. ವ್ಯಾನು ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಲಾರಿಯ ಬಾಗಿಲಿಗೆ ಬಡಿದೆ.

"ಎಷ್ಟು ದಿನದಿಂದ ನಡೀತಿದೆ ಇದು?"

ಅವನು ಬೆಚ್ಚಿ ತಿರುಗಿದ. ಇಂಜಿನ್ ಆರಿಸಿದ್ದ. ಕೈಗಳು ಸ್ಟೇರಿಂಗಿನ ಮೇಲಿದ್ದವು.

"ಬರ್ತಿಲ್ಲ ಕಣೆ," ಎಂದ. "ದಿನಾ ಇಲ್ಲಿ ಒಂದು ಗಳಿಗೆ ನಿಲ್ತೀನಿ. ದೀಪ ಹಾಕ್ತೀನಿ. ಆಮೇಲೆ ಹೋಗ್ತೀನಿ."

ನನ್ನ ಬಾಯಲ್ಲಿ ಸಿದ್ಧವಾಗಿದ್ದ ಬೈಗುಳಕ್ಕೆ ಹೋಗಲು ಜಾಗವಿರಲಿಲ್ಲ. ಬಿಸಿಲಿಗೆ ಬಾಗಿಲ ತಗಡು ಅಂಗೈ ಸುಡುತ್ತಿತ್ತು, ತೆಗೆಯಲಿಲ್ಲ. ಹಿಂದೆ ವ್ಯಾನಿನವನು ಹಾರ್ನ್ ಮಾಡಿದ. ಹಗ್ಗದ ಮೇಲೆ ಮಕ್ಕಳ ವಾರ್ಡಿನ ಬಟ್ಟೆ ತಿರುವುವುದಿತ್ತು.

"ಡಬ್ಬಿ?" ಎಂದೆ.

"ಹತ್ತು ಗಂಟೆಗೇ ಖಾಲಿ." ನಮ್ಮ ಬೀದಿಯ ಕಡೆ ನೋಡುತ್ತಾ ಕೇಳಿದ, "ಮನೇಲಿ ಇವತ್ತು ಏನು ಮಾಡಿದ್ದೆ?"

"ಏನೂ ಮಾಡಿಲ್ಲ. ಒಬ್ಬಳಿಗೋಸ್ಕರ ಏನು ಮಾಡೋದು," ಎಂದೆ.

ಅವನು ತಲೆಯಾಡಿಸಿದ. ದೀಪ ಆರಿಸಿ, ಇಂಜಿನ್ ಎಬ್ಬಿಸಿ, ಪಟ್ಟಣದ ಕಡೆ ತಿರುಗಿಸಿಕೊಂಡು ಹೋದ. ನಾನು ವ್ಯಾನು ಹತ್ತಿದೆ. ರಸ್ತೆ ನುಣ್ಣಗಿತ್ತು, ಮನೆ ಬಾಗಿಲವರೆಗೂ ಒಮ್ಮೆಯೂ ಕುಲುಕಲಿಲ್ಲ. ನನಗೆ ಅದರ ಮೇಲೂ ಸಿಟ್ಟು ಬಂತು.